ಮೂರು ಸಾ. ಕೋಳಿಗಳು

ಗಡಿಯಾರದವರು ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತಾರು ವರ್ಷದಿಂದ ಅವರು ಬೀದಿಯ ಮೂಲೆಯ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಗಡಿಯಾರಗಳ ಹೊಟ್ಟೆ ಬಿಚ್ಚಿ ನೋಡುತ್ತ ಕುಳಿತಿದ್ದಾರೆ. ಸಾಸಿವೆಗಿಂತ ಸಣ್ಣ ತಿರುಪು ನೆಲಕ್ಕೆ ಬಿದ್ದರೂ ಅದು ಯಾವ ಮೂಲೆಗೆ ಉರುಳಿತು ಎಂದು ಸದ್ದಿನಿಂದಲೇ ಹೇಳಬಲ್ಲರು. ಆದರೆ ಅಂಗಡಿ ಮುಚ್ಚಿ ಮನೆಗೆ ಬರುವಾಗ ಸ್ವಂತ ಗೇಟು ದಾಟಿ ಮುಂದೆ ಹೋಗಿ, ಪಕ್ಕದ ಔಷಧಿ ಅಂಗಡಿಯವರ ಬಾಗಿಲು ತಟ್ಟಿ, ತೆರೆದವರನ್ನು "ನೀವು ಯಾವಾಗ ಬಂದ್ರಿ?" ಎಂದು ಆದರದಿಂದ ವಿಚಾರಿಸಿದ್ದೂ ಉಂಟು. ಸಣ್ಣದೆಲ್ಲ ಅವರಿಗೆ ಕಾಣುತ್ತಿತ್ತು. ದೊಡ್ಡದು ಮಾತ್ರ ತಪ್ಪಿಹೋಗುತ್ತಿತ್ತು.

ಅವರ ಮನೆಗೆ ಕೋಳಿಗಳು ಬಂದದ್ದು ಭಾಮೈದನಿಂದ. ಅವನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಹೊಸ ಮನೆಗೆ ಹಿತ್ತಲಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬುಟ್ಟಿಯೊಂದನ್ನು ತಂದು ಅಂಗಳದಲ್ಲಿಟ್ಟು, "ಎರಡೇ ದಿನ ಭಾವ, ಆಮೇಲೆ ಏನಾದ್ರೂ ವ್ಯವಸ್ಥೆ ಮಾಡ್ತೀನಿ" ಎಂದು ಹೋದವನು ತಿಂಗಳಾದರೂ ಫೋನು ಎತ್ತಲಿಲ್ಲ. ಬುಟ್ಟಿಯಲ್ಲಿ ಮೂರು ಹೇಂಟೆಗಳಿದ್ದವು.

ಗಡಿಯಾರದವರು ಆ ಕೋಳಿಗಳನ್ನು ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರೋ ಏನೋ. ಆದರೆ ಮನೆಯಲ್ಲಿ ಮಾವನವರಿದ್ದರು. ಮಾವ ನಲವತ್ತು ವರ್ಷ ರೈಲು ಓಡಿಸಿದವರು. ಅತ್ತೆ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವರು ಎರಡು ವರ್ಷ ಹಾಗೇ ಇದ್ದರು. "ಹೂಂ", "ಬೇಡ", "ಸಾಕು" ಈ ಮೂರು ಮಾತಿನಲ್ಲಿ ಅವರ ಇಡೀ ದಿನ ಮುಗಿಯುತ್ತಿತ್ತು. ಕೋಳಿ ಬಂದ ಮೂರನೆಯ ದಿನ ಅವರು ತಾವಾಗಿ ಎದ್ದು ಹಿತ್ತಲಿಗೆ ಬಂದು, ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತರು. ಐದನೆಯ ದಿನ ಕೋಳಿಗಳಿಗೆ ಹೆಸರಿಟ್ಟರು. ಸುಮ್ಮನೆ ಅತ್ತಿಂದಿತ್ತ ಓಡುವುದು ಎಕ್ಸ್‌ಪ್ರೆಸ್. ಎಲ್ಲ ಗಿಡದ ಬುಡದಲ್ಲೂ ನಿಂತು ನಿಂತು ಹೋಗುವುದು ಪ್ಯಾಸೆಂಜರ್. ದಪ್ಪಗಿದ್ದು, ದಾರಿ ಬಿಡು ಎಂದರೂ ಬಿಡದೆ ಅಡ್ಡ ನಿಲ್ಲುವುದು ಗೂಡ್ಸ್. ಎಂಟನೆಯ ದಿನ ಊಟಕ್ಕೆ ಕುಳಿತಾಗ, ಯಾರೂ ಕೇಳದೆಯೇ, "ಇವತ್ತು ಗೂಡ್ಸು ಅರ್ಧ ಗಂಟೆ ಲೇಟು" ಎಂದರು. ಮಗಳು ಬಡಿಸುತ್ತಿದ್ದ ಸೌಟು ಕೈಯಲ್ಲೇ ಉಳಿಯಿತು. ಅವಳು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದಳು.

ಆಮೇಲೆ ಕೋಳಿಗಳನ್ನು ಕಳಿಸುವ ಮಾತು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮಾತು ಎತ್ತಿದವರು ಎಡಗಡೆ ಮನೆಯ ಟೀಚರಮ್ಮ. ಮೂವತ್ತೊಂದು ವರ್ಷ ಶಾಲೆ ನಡೆಸಿ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ. ನಿವೃತ್ತಿಯಾಗಿದ್ದು ಶಾಲೆಯಿಂದ ಮಾತ್ರ. ಬೀದಿಯಲ್ಲಿ ಅರ್ಧ ಜನ ಅವರ ಹಳೆಯ ವಿದ್ಯಾರ್ಥಿಗಳಾದ್ದರಿಂದ ಅವರನ್ನು ಕಂಡರೆ ಈಗಲೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಅವರು ಗಿಡಗಳಿಗೆ ನೀರು ಹಾಕುತ್ತ ಕಾಂಪೌಂಡಿನ ಗೋಡೆಯ ಮೇಲಿಂದ ಇಣುಕಿದರು.

"ಏನ್ರೀ ಗಡಿಯಾರದವರೇ, ಕೋಳಿ ಸಾಕಿದ್ದೀರಂತೆ?"

"ನಾವೇನು ಸಾಕೋದು ಟೀಚರ್, ಅವಾಗಿ ಅವೇ ಇವೆ."

"ನಗರಸಭೆಯಿಂದ ಪರ್ಮಿಶನ್ ತಗೊಂಡ್ರಾ? ಊರೊಳಗೆ ಕೋಳಿಗೆ ಏನೋ ರೂಲ್ಸ್ ಇದೆ ಅಂತ ಕೇಳಿದ್ದೆ."

ಟೀಚರಮ್ಮ ಕೇಳಿದ್ದು ಬರೀ ಕುತೂಹಲಕ್ಕೆ. 'ಗೊತ್ತಿಲ್ಲ ಟೀಚರ್' ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ದನಿಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಮನುಷ್ಯನಿಗೆ ಉತ್ತರ ಬರಲೇಬೇಕು ಅನ್ನಿಸುತ್ತದೆ. ಗಡಿಯಾರದವರು ಎದೆ ಸೆಟೆಸಿ ಹೇಳಿದರು:

"ಇಲ್ದೆ ಇರುತ್ತಾ ಟೀಚರ್? ಅದೆಲ್ಲ ಮೊದಲೇ ಆಗಿದೆ. ನಮ್ಮದು ಏನಿದ್ರೂ ಕಾನೂನು ಪ್ರಕಾರ!"

ಹೀಗೆ ಹೇಳಿ ಒಳಗೆ ಬಂದವರು ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹೇಳಿದ ಸುಳ್ಳನ್ನು ಆದಷ್ಟು ಬೇಗ ನಿಜ ಮಾಡಿಬಿಟ್ಟರೆ ಅದು ಸುಳ್ಳಾಗಿ ಉಳಿಯುವುದಿಲ್ಲ ಎಂದು ತೀರ್ಮಾನಿಸಿ, ಅಂಗಡಿಗೆ ಬೀಗ ಹಾಕಿ ನೇರ ನಗರಸಭೆಗೆ ಹೋದರು.

ಮೊದಲು ಸಿಕ್ಕ ಕಿಟಕಿಯ ಮೇಲೆ 'ಸಾ. ಪ್ರಾಣಿ ವಿಭಾಗ' ಎಂದು ಬರೆದಿತ್ತು. ಸಾಕುಪ್ರಾಣಿ ಇರಬೇಕೆಂದು ಊಹಿಸಿ ಅಲ್ಲಿ ನಿಂತರೆ, ಒಳಗಿದ್ದ ಹೆಂಗಸು, "ಇಲ್ಲಿ ನಾಯಿ ಮಾತ್ರ" ಎಂದು ಪಕ್ಕದ ಕಿಟಕಿಗೆ ಕಳಿಸಿದಳು. ಪಕ್ಕದ ಕಿಟಕಿಯ ಗುಮಾಸ್ತ ತಲೆ ಎತ್ತದೆ ಕೇಳಿದ:

"ಏನು?"

"ಕೋಳಿ."

"ಏನಾಗಿದೆ ಕೋಳಿಗೆ?"

"ಏನೂ ಆಗಿಲ್ಲ. ಚೆನ್ನಾಗಿವೆ."

"ಚೆನ್ನಾಗಿದ್ರೆ ಇಲ್ಲಿಗೆ ಯಾಕೆ ಬಂದ್ರಿ?"

"ಇಟ್ಕೊಳ್ಳೋಕೆ ಅನುಮತಿ ಬೇಕಿತ್ತು."

ಗುಮಾಸ್ತ ಡ್ರಾಯರಿಗೆ ಕೈ ಹಾಕಿ ಒಂದು ಫಾರಂ ಎಳೆದ. "ಕೋಳಿಗೆ ನಮ್ಮಲ್ಲಿರೋದು ಇದೊಂದೇ. ತುಂಬಿ ಕೊಡಿ."

ನಾಲ್ಕು ಪುಟದ ಫಾರಂ. ಗಡಿಯಾರದವರು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಅಕ್ಷರ ನೋಡಿ ತುಂಬಿದರು. 'ತ್ಯಾಜ್ಯ ವಿಲೇವಾರಿ ಹೇಗೆ?' ಎಂಬಲ್ಲಿ 'ಗುಲಾಬಿ ಗಿಡಕ್ಕೆ' ಎಂದು ಬರೆದರು. 'ಸಿಬ್ಬಂದಿ ಎಷ್ಟು?' ಎಂಬಲ್ಲಿ 'ಒಬ್ಬರು, ಮಾವ' ಎಂದರು. ಎರಡನೆಯ ಪುಟದ ನಡುವೆ ಒಂದು ಅಂಕಣವಿತ್ತು: 'ಕೋಳಿಗಳ ಸಂಖ್ಯೆ, ಸಾ.ಗಳಲ್ಲಿ.' ಆಗಷ್ಟೇ ಸಾ. ಪ್ರಾಣಿ ವಿಭಾಗದಿಂದ ಬಂದಿದ್ದವರಿಗೆ ಸಂಶಯ ಬರಲು ಕಾರಣವಿರಲಿಲ್ಲ. ಸಾ. ಎಂದರೆ ಸಾಕಿದವು. ಸಾಕಿದ ಕೋಳಿ ಎಷ್ಟು? ದುಂಡಗೆ 'ಮೂರು' ಎಂದು ಬರೆದರು.

ಆ ಫಾರಂ ಊರ ಹೊರಗಿನ ದೊಡ್ಡ ಕೋಳಿ ಸಾಕಣೆ ಕೇಂದ್ರಗಳಿಗೆಂದು ಅಚ್ಚಾದದ್ದು. ಅಲ್ಲಿ ಸಾ. ಎಂದರೆ ಸಾವಿರ.

ಗುಮಾಸ್ತ ಪುಟ ತಿರುವುತ್ತ ಎರಡನೆಯ ಪುಟದಲ್ಲಿ ನಿಂತ. ಮೊದಲ ಬಾರಿಗೆ ತಲೆ ಎತ್ತಿದ.

"ಮೂರಾ?"

"ಮೂರೇ. ಸದ್ಯಕ್ಕೆ. ಚೆನ್ನಾಗಿ ನಡೆದ್ರೆ ಆರು ಮಾಡೋಣ ಅಂತ ಮನೇಲಿ ಮಾತು."

ಗುಮಾಸ್ತ ಎದ್ದು ನಿಂತ. "ಹೊರಗೆ ಯಾಕೆ ನಿಂತಿದ್ದೀರಿ ಸಾರ್, ಒಳಗೆ ಬಂದು ಕೂತ್ಕೊಳ್ಳಿ. ಕಾಫಿ ತರಿಸ್ಲಾ?"

ಕಾಫಿ ಕುಡಿದು ಮನೆಗೆ ಬಂದ ಗಡಿಯಾರದವರು ಹೆಂಡತಿಯ ಮುಂದೆ, "ಜನ ಸುಮ್ನೆ ಆಫೀಸಿನವ್ರನ್ನ ಬೈತಾರೆ ಕಣೇ. ಎಷ್ಟು ಮರ್ಯಾದೆ ಗೊತ್ತಾ?" ಎಂದು ಹೊಗಳಿದರು.

ಮುಂದಿನ ವಾರ ಸ್ಥಳ ಪರಿಶೀಲನೆಗೆ ಇನ್ಸ್‌ಪೆಕ್ಟರರು ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಫೈಲು, ಕೈಯಲ್ಲಿ ಅಳತೆಯ ಟೇಪು. ಹಿತ್ತಲನ್ನು ಉದ್ದಗಲ ಅಳೆದರು. ಉದ್ದ ಇಪ್ಪತ್ತೆರಡು ಅಡಿ, ಅಗಲ ಹದಿನಾಲ್ಕು. ಬರೆದುಕೊಂಡದ್ದನ್ನು ನೋಡಿದರು. ಮತ್ತೊಮ್ಮೆ ಅಳೆದರು. ಅಷ್ಟೇ ಬಂತು.

"ಇಷ್ಟು ಜಾಗದಲ್ಲಿ ಮೂರು ಹಿಡಿಸುತ್ತೇನ್ರೀ?"

"ಆರಾಮಾಗಿ ಸಾರ್. ಜಾಗ ಇನ್ನೂ ಮಿಕ್ಕುತ್ತೆ. ಆ ಮೂಲೇಲಿ ನಾನೊಂದು ಕುರ್ಚಿ ಹಾಕ್ಕೋಬೇಕು ಅಂತಿದ್ದೀನಿ."

"ಕುರ್ಚಿ?"

"ಸಾಯಂಕಾಲ ಕೂತ್ಕೊಂಡು ನೋಡೋಕೆ."

ಇನ್ಸ್‌ಪೆಕ್ಟರರು ಆಕಾಶ ನೋಡಿದರು. "ಅಂತಸ್ತು ಅಂತಸ್ತಾಗಿ ಪಂಜರ ಕಟ್ತೀರೋ?"

"ಛೇ, ಪಂಜರ ಎಲ್ಲ ಬೇಡ ಸಾರ್. ನೆಲದ ಮೇಲೇ ಓಡಾಡ್ಕೊಂಡಿರ್ಲಿ. ಮಳೆ ಬಂದ್ರೆ ಸ್ನಾನದ ಮನೆಗೆ ಬಿಡ್ತೀವಿ."

"ಮೂರನ್ನೂ?"

"ಮೂರನ್ನೂ. ಒಂದರ ಹಿಂದೆ ಒಂದು ಹೋಗ್ತವೆ. ನಮ್ಮ ಮಾವ ಶಿಸ್ತು ಕಲಿಸಿದ್ದಾರೆ."

ಬಕೆಟ್ಟಿನ ಮೇಲೆ ಕುಳಿತಿದ್ದ ಮಾವ ಹೌದೆಂದು ತಲೆಯಾಡಿಸಿದರು. ಅವರ ಕಾಲ ಬಳಿ ಗೂಡ್ಸ್ ಅಡ್ಡ ನಿಂತಿತ್ತು. ಇನ್ಸ್‌ಪೆಕ್ಟರರು ಅದನ್ನೂ ಅದರ ಸಂಗಡಿಗರನ್ನೂ ನೋಡಿ, "ಇವು?" ಎಂದರು.

"ಇವೇ ಸಾರ್."

'ಮಾದರಿ ಕೋಳಿಗಳು ಈಗಾಗಲೇ ಬಂದಿವೆ. ಅರ್ಜಿದಾರರು ಆತ್ಮವಿಶ್ವಾಸದಿಂದ ಇದ್ದಾರೆ' ಎಂದು ಫೈಲಿನಲ್ಲಿ ಬರೆದುಕೊಂಡು ಇನ್ಸ್‌ಪೆಕ್ಟರರು ಬೇಗಬೇಗ ಹೊರಟುಹೋದರು.

ಎರಡು ದಿನ ಬಿಟ್ಟು ಗೇಟಿಗೆ ನೋಟೀಸು ಅಂಟಿತು. 'ಈ ನಿವೇಶನದ ಹಿತ್ತಲಿನಲ್ಲಿ ಮೂರು ಸಾ. ಕೋಳಿಗಳನ್ನು ಇರಿಸಲು ಅನುಮತಿ ಕೋರಿ ಅರ್ಜಿ ಬಂದಿರುತ್ತದೆ. ವಾಸದ ವಲಯವಾದ ಕಾರಣ, ಆಕ್ಷೇಪಣೆ ಇರುವವರು ಮುಂದಿನ ಬುಧವಾರ ಹನ್ನೊಂದು ಗಂಟೆಗೆ ವಿಚಾರಣೆಗೆ ಹಾಜರಾಗತಕ್ಕದ್ದು.' ಕೆಳಗೆ ಗುಂಡನೆಯ ಮೊಹರು.

ಗಡಿಯಾರದವರು ಅದನ್ನು ಓದಿ ಹಿಗ್ಗಿದರು. ಹೆಂಡತಿಯನ್ನು ಕರೆದು ತೋರಿಸಿದರು. "ನೋಡು, ಮೂರು ಸಾಕುಕೋಳಿಗಳು ಅಂತ ಎಷ್ಟು ಚೆನ್ನಾಗಿ ಹಾಕಿದ್ದಾರೆ. ಮೊಹರು ಬೇರೆ!"

"ಆಕ್ಷೇಪಣೆ ಅಂತಿದೆಯಲ್ರೀ?"

"ಮೂರು ಕೋಳಿಗೆ ಯಾರೇ ಆಕ್ಷೇಪಣೆ ಮಾಡ್ತಾರೆ?"

ಔಷಧಿ ಅಂಗಡಿಯವರು ಅರ್ಧ ಗಂಟೆ ಬಿಟ್ಟು ಅದೇ ನೋಟೀಸು ಓದಿದರು. ಸಂಕ್ಷೇಪಾಕ್ಷರ ಓದುವುದರಲ್ಲಿ ಅವರಿಗೆ ಇಡೀ ಜೀವಮಾನದ ಅಭ್ಯಾಸ. ವೈದ್ಯರು ಗೀಚಿದ ಎಂಥ ಚೀಟಿಯನ್ನಾದರೂ ಓದಬಲ್ಲವರು 'ಸಾ.' ಓದಲು ತಿಣುಕುವುದುಂಟೆ? ಮಧ್ಯಾಹ್ನದ ಹೊತ್ತಿಗೆ ಬೀದಿಯ ಎರಡೂ ತುದಿಗೆ ಸುದ್ದಿ ಮುಟ್ಟಿತು. ಸಂಜೆ ಅವರೇ ಗಡಿಯಾರದವರ ಅಂಗಡಿಗೆ ಬಂದರು. ಬಾಯಿಗೆ ಕರವಸ್ತ್ರ ಹಿಡಿದಿದ್ದರು.

"ಅಲ್ಲ ಸ್ವಾಮಿ, ಒಂದು ಮಾತು ನಮಗೆ ಹೇಳ್ಬಾರದಿತ್ತಾ? ಮೂರು ಅಂದ್ರೆ ಏನು ತಮಾಷೆನಾ?"

"ಮೂರು ಏನು ಮಹಾ! ಎಲ್ಲಾ ಒಂದೇ ಬುಟ್ಟೀಲಿ ಬಂದ್ವು."

"ಒಂದೇ ಬುಟ್ಟೀಲಿ!" ಔಷಧಿ ಅಂಗಡಿಯವರು ಗೋಡೆ ಹಿಡಿದುಕೊಂಡರು. "ಬಂದೇಬಿಟ್ವಾ? ಎಲ್ಲಿ, ಸದ್ದೇ ಇಲ್ವಲ್ಲ?"

"ನಮ್ಮ ಮಾವ ಮಲಗಿಸಿರ್ತಾರೆ. ಅವ್ರು ಹತ್ರ ಕೂತ್ರೆ ಒಂದೂ ಪಿಟಕ್ ಅನ್ನಲ್ಲ."

"ಗಲೀಜು? ವಾಸನೆ? ಅದು ಯೋಚನೆ ಮಾಡಿದ್ದೀರಾ?"

"ಗುಲಾಬಿ ಗಿಡಕ್ಕೆ ಹಾಕ್ತೀನಿ. ನಿಮಗೂ ಬೇಕಾದ್ರೆ ಗೋಡೆ ಮೇಲಿಂದ ಹಾಕಿಬಿಡ್ತೀನಿ, ಸಂಕೋಚ ಮಾಡ್ಕೋಬೇಡಿ."

ಔಷಧಿ ಅಂಗಡಿಯವರು ಸಂಕೋಚ ಮಾಡಿಕೊಳ್ಳಲಿಲ್ಲ. ಮರುದಿನವೇ ಆಕ್ಷೇಪಣೆಯ ಪತ್ರ ತಯಾರಿಸಿ ಮನೆಮನೆಗೆ ಹೋಗಿ ಸಹಿ ಮಾಡಿಸಿದರು. ಪತ್ರಕ್ಕೆ ಬಲ ಬರಲೆಂದು ನಗರಸಭೆಯ ಕೋಳಿ ನಿಯಮಾವಳಿಯ ಪ್ರತಿ ತರಿಸಿ ಎಲ್ಲರಿಗೂ ಹಂಚಿದರು. ಜನ್ಮದಲ್ಲಿ ದಿನಪತ್ರಿಕೆಯನ್ನೂ ಪೂರ್ತಿ ಓದದವರು ಆ ಹನ್ನೆರಡು ಪುಟವನ್ನು ಪೆನ್ಸಿಲಿನಲ್ಲಿ ಗೀಟು ಎಳೆದು ಓದಿದರು. ಗಡಿಯಾರದವರ ಅಂಗಡಿಗೆ ರಿಪೇರಿಗೆ ಬಂದಿದ್ದ ಗಡಿಯಾರಗಳನ್ನು ಜನ ಒಬ್ಬೊಬ್ಬರಾಗಿ ವಾಪಸು ಪಡೆದರು, ರಿಪೇರಿ ಆಗದವನ್ನೂ ಸೇರಿಸಿ. ಎಲ್ಲರಿಗೂ ಏಕೆ ಒಮ್ಮೆಗೇ ಅವಸರ ಹುಟ್ಟಿತೋ ಅವರಿಗೆ ತಿಳಿಯಲಿಲ್ಲ.

ಟೀಚರಮ್ಮ ಮಾತ್ರ ಸಹಿ ಹಾಕಲಿಲ್ಲ, ಮಾತೂ ಆಡಲಿಲ್ಲ. ನೋಟೀಸಿನ ಮುಂದೆ ನಿಂತು, ಅರ್ಜಿಯ ತಾರೀಕು ಎರಡು ಸಲ ಓದಿದರು. ಗೋಡೆಯ ಮೇಲಿಂದ ಮಾತಾಡಿದ ದಿನದ್ದೇ ತಾರೀಕು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಂಗಳವಾರ ಭಾಮೈದ ಪ್ರತ್ಯಕ್ಷನಾದ. ತಿಂಗಳಿಂದ ಫೋನು ಎತ್ತದವನು ಲಾರಿಯ ಮುಂದಿನ ಸೀಟಿನಿಂದ ಇಳಿದ. ಹಿಂದೆ ನಲವತ್ತು ಮೂಟೆ ಕೋಳಿ ಆಹಾರ.

"ಭಾವ! ನನ್ನ ಬಿಟ್ಟು ಇಷ್ಟು ದೊಡ್ಡದು ಶುರು ಮಾಡಿದ್ದೀರಲ್ಲ! ಔಷಧಿ ಅಂಗಡಿಯವರು ಫೋನಿನಲ್ಲಿ ಬೈದ ಮೇಲೇ ನಂಗೆ ಗೊತ್ತಾಗಿದ್ದು. ಮೂಲ ಕೋಳಿಗಳು ನನ್ನವು ಅನ್ನೋದು ಮರೀಬೇಡಿ."

"ಮರೆಯೋದೆಲ್ಲಿ? ಮೂರೂ ನಿನ್ನವೇ. ಅದ್ಸರಿ, ಇಷ್ಟೊಂದು ಮೂಟೆ ಯಾಕೋ?"

"ಮೂರಕ್ಕೆ ಇದು ಒಂದು ವಾರಕ್ಕೆ ಬರುತ್ತೆ ಅಷ್ಟೇ ಭಾವ."

"ಏ, ನಮ್ಮವು ಅಷ್ಟು ತಿನ್ನಲ್ಲಪ್ಪ. ಒಂದು ಹಿಡಿ ಹಾಕಿದ್ರೆ ಅರ್ಧ ಚೆಲ್ತವೆ."

ಮೂಟೆಗಳು ಗೇಟಿನಿಂದ ಮೆಟ್ಟಿಲವರೆಗೆ ಸಾಲಾಗಿ ಕುಳಿತವು. ಬೀದಿಯ ಜನ ಕಿಟಕಿಯ ಪರದೆ ಸರಿಸಿ ಎಣಿಸಿದರು. ಆಗ ಭಾಮೈದ ಹಿತ್ತಲಿಗೆ ಹೋಗಿ ನೋಡಿ, ಮನೆಯನ್ನೆಲ್ಲ ಸುತ್ತಿ, ಸ್ನಾನದ ಮನೆಯ ಬಾಗಿಲನ್ನೂ ತೆರೆದು ನೋಡಿ, "ಉಳಿದವು ಎಲ್ಲಿ ಭಾವ?" ಎಂದ.

"ಉಳಿದವು ಯಾವುವು? ನೀನು ಕೊಟ್ಟಿದ್ದೇ ಮೂರು."

ಭಾಮೈದ ಗೇಟಿನ ನೋಟೀಸಿನ ಹತ್ತಿರ ಹೋಗಿ ಬಂದ. ಭಾವನ ಮುಖ ನೋಡಿದ. ಮತ್ತೆ ಹೋಗಿ ಬಂದ. ನಂತರ ಮೆಲ್ಲಗೆ, "ಭಾವ, ಸಾ. ಅಂದ್ರೆ ಏನು ಅಂದ್ಕೊಂಡಿದ್ದೀರಿ?" ಎಂದು ಕೇಳಿದ.

ಉತ್ತರ ಕೇಳಿದ ಮೇಲೆ ಅವನು ಒಂದು ಮೂಟೆಯ ಮೇಲೆ ಕುಳಿತುಬಿಟ್ಟ. ಅವನು ಬಿಡಿಸಿ ಹೇಳಿದ ಮೇಲೆ ಗಡಿಯಾರದವರು ಇನ್ನೊಂದು ಮೂಟೆಯ ಮೇಲೆ ಕುಳಿತರು.

"ಆಕ್ಷೇಪಣೆ ಯಾಕೆ ಅಂತ ಆವತ್ತೇ ಕೇಳಿದ್ದೆ" ಎಂದಳು ಹೆಂಡತಿ. ಅಷ್ಟೇ ಹೇಳಿ ಸುಮ್ಮನಾದದ್ದು ಅವಳ ದೊಡ್ಡಗುಣ.

ಬುಧವಾರ ಹನ್ನೊಂದಕ್ಕೆ ವಿಚಾರಣೆಯ ಕೋಣೆ ತುಂಬಿತ್ತು. ಬೀದಿಗೆ ಬೀದಿಯೇ ಬಂದಿತ್ತು. ಔಷಧಿ ಅಂಗಡಿಯವರು ಎಲ್ಲರಿಗೂ ಮುಖಗವಸು ಹಂಚಿದ್ದರು. ವಲಯಾಧಿಕಾರಿ ಹಿರಿಯ ಹೆಂಗಸು, ಮೇಜಿನ ಮೇಲೆ ಇಟ್ಟಿಗೆಯಂಥ ನಿಯಮದ ಪುಸ್ತಕ. ಮಾವನವರೂ ಬಂದಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಇಸ್ತ್ರಿ ಅಂಗಿ ಹಾಕಿ, ತೊಡೆಯ ಮೇಲೆ ಮುಚ್ಚಿದ ಬುಟ್ಟಿ ಇಟ್ಟುಕೊಂಡು ಕಡೆಯ ಸಾಲಿನಲ್ಲಿ ಕುಳಿತಿದ್ದರು.

ಗಡಿಯಾರದವರು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಮೂರು ಸಾವಿರ ಅಲ್ಲ ಮೇಡಂ. ಮೂರು. ಒಂದು, ಎರಡು, ಮೂರು."

"ಸುಳ್ಳು!" ಔಷಧಿ ಅಂಗಡಿಯವರು ಎದ್ದರು. "ನಲವತ್ತು ಮೂಟೆ ಬಂದಿದೆ ಮೇಡಂ! ಇಡೀ ಬೀದಿ ನೋಡಿದೆ!"

"ಅದು ನನ್ನ ಭಾಮೈದ..."

"ಆರು ಮಾಡ್ತೀನಿ ಅಂತ ಗುಮಾಸ್ತರ ಹತ್ರ ಹೇಳಿದ್ದಾರೆ!"

"ಆರು ಅಂದ್ರೆ ಆರೇ..."

ಗದ್ದಲ ಶುರುವಾಯಿತು. ಮಾವ ಎದ್ದು ಮುಂದೆ ಬಂದು ಬುಟ್ಟಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಎಕ್ಸ್‌ಪ್ರೆಸ್ ಹಾರಿ ಕಿಟಕಿಯ ಕಟ್ಟೆ ಏರಿತು. ಪ್ಯಾಸೆಂಜರ್ ಒಂದೊಂದೇ ಫೈಲಿನ ಬಳಿ ನಿಂತು ಹೊರಟಿತು. ಗೂಡ್ಸ್ ನಿಯಮದ ಪುಸ್ತಕದ ಮೇಲೆ ಹತ್ತಿ ಕುಳಿತಿತು.

"ಇಷ್ಟೇ" ಎಂದರು ಮಾವ.

ಮುಖಗವಸುಗಳ ಹಿಂದೆ ಯಾರೋ ಕಿಸಕ್ಕೆಂದರು. ಅದು ಸಾಲಿನಿಂದ ಸಾಲಿಗೆ ಹಬ್ಬಿ, ಕಡೆಗೆ ಔಷಧಿ ಅಂಗಡಿಯವರೇ ಹೊಟ್ಟೆ ಹಿಡಿದುಕೊಂಡು ಕುಳಿತರು. ನಗದೆ ಇದ್ದವರು ಇಬ್ಬರೇ. ಒಬ್ಬರು ಮೊದಲ ಸಾಲಿನಲ್ಲಿ ನೆಟ್ಟಗೆ ಕುಳಿತಿದ್ದ ಟೀಚರಮ್ಮ. ಇನ್ನೊಬ್ಬರು ವಲಯಾಧಿಕಾರಿ.

ವಲಯಾಧಿಕಾರಿ ಗೂಡ್ಸನ್ನು ಪಕ್ಕಕ್ಕೆ ಸರಿಸಲು ನೋಡಿದರು. ಅದು ಸರಿಯಲಿಲ್ಲ. ಅದರ ಹೊಟ್ಟೆಯ ಕೆಳಗಿಂದಲೇ ಪುಟ ತೆಗೆದು ಓದಿದರು. "ವಾಸದ ವಲಯದಲ್ಲಿ ಆರು ಹೇಂಟೆಯವರೆಗೆ ಅನುಮತಿಯೇ ಬೇಡ. ಹುಂಜ ಇರಬಾರದು, ಗೂಡು ಪಕ್ಕದ ಮನೆಯ ಗೋಡೆಯಿಂದ ಐದು ಅಡಿ ದೂರ ಇರಬೇಕು. ನೀವು ಸುಮ್ನೆ ಮನೇಲಿ ಕೂತಿದ್ರೆ ಏನೂ ಆಗ್ತಿರ್ಲಿಲ್ಲ."

"ಹಾಗಾದ್ರೆ ಮುಗೀತಲ್ಲ ಮೇಡಂ?"

"ಎಲ್ಲಿ ಮುಗೀತು? ಅರ್ಜಿ ಬಂದಿದೆಯಲ್ಲ. ಬಂದ ಅರ್ಜಿಗೆ ನಾನು ಆದೇಶ ಕೊಡಲೇಬೇಕು. ಒಪ್ಪಿದ್ರೆ ಮೂರು ಸಾವಿರ ಕೋಳಿ ಒಪ್ಪಿದ ಹಾಗೆ. ತಿರಸ್ಕರಿಸಿದ್ರೆ ಆ ವಿಳಾಸದಲ್ಲಿ ಐದು ವರ್ಷ ಒಂದು ಕೋಳಿಯೂ ಇರಂಗಿಲ್ಲ."

ಮಾವನ ಕೈ ಬುಟ್ಟಿಯ ಅಂಚಿನ ಮೇಲೆ ನಿಂತಿತು.

"ಇನ್ನೊಂದು ದಾರಿ ಇದೆ" ಎಂದರು ವಲಯಾಧಿಕಾರಿ. "ತಿದ್ದುಪಡಿ ಅರ್ಜಿ. ಎರಡೂ ಪಕ್ಕದ ಮನೆಯವರ ಒಪ್ಪಿಗೆ ಸಹಿ ಬೇಕು. ಇವತ್ತು ನಾಲ್ಕು ಗಂಟೆಯೊಳಗೆ. ನಾಳೆಯಿಂದ ನಾನು ರಜೆ."

ಔಷಧಿ ಅಂಗಡಿಯವರು ಅಲ್ಲೇ, ನಗುತ್ತಲೇ, ಸಹಿ ಹಾಕಿದರು. ಎಲ್ಲರೂ ಟೀಚರಮ್ಮನ ಕಡೆ ತಿರುಗಿದರು. ಅವರು ಕೈಚೀಲ ಹೆಗಲಿಗೇರಿಸಿ ಎದ್ದರು.

"ನಾನು ಹಾಕಲ್ಲ."

"ಟೀಚರ್, ಮೂರೇ ಕೋಳಿ..."

"ಕೋಳಿ ಮೂರಿರ್ಲಿ, ಮೂವತ್ತಿರ್ಲಿ. ನಾನು ಕೇಳಿದ ದಿನ ಪರ್ಮಿಶನ್ ಆಗಿದೆ ಅಂತ ನನ್ನ ಮುಖ ನೋಡಿ ಹೇಳಿದ್ರಿ. ಅರ್ಜಿ ಹಾಕಿದ್ದು ಆಮೇಲೆ. ಏಳನೇ ಕ್ಲಾಸಿನ ಮಕ್ಕಳೂ ನನಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದಿಲ್ಲ." ಹೀಗೆಂದು ಹೊರಟೇಹೋದರು.

ಮಧ್ಯಾಹ್ನ ಎರಡು ಗಂಟೆಗೆ ಗಡಿಯಾರದವರು ಟೀಚರಮ್ಮನ ಗೇಟಿನ ಹೊರಗೆ ನಿಂತಿದ್ದರು. ಬೆಲ್ಲು ಒತ್ತಲು ಕೈ ಎತ್ತುವುದು, ಇಳಿಸುವುದು. ಹತ್ತು ನಿಮಿಷ ಹೀಗೇ ಕಳೆಯಿತು. ಪಕ್ಕದಿಂದ ಒಂದು ಕೈ ಬಂದು ಬೆಲ್ಲು ಒತ್ತಿತು. ಮಾವ.

ಟೀಚರಮ್ಮ ಬಾಗಿಲು ತೆರೆದರು. ಎರಡು ವರ್ಷದಿಂದ ಪಕ್ಕದಲ್ಲೇ ಇದ್ದ ಈ ಹಿರಿಯರ ದನಿಯನ್ನು ಅವರು ಇನ್ನೂ ಸರಿಯಾಗಿ ಕೇಳಿರಲಿಲ್ಲ.

"ಅಮ್ಮಾ" ಎಂದರು ಮಾವ, "ನನ್ನ ಅಳಿಯ ಸುಳ್ಳು ಹೇಳಿದ. ತಪ್ಪು. ನಾನು ರೈಲು ಓಡಿಸ್ತಿದ್ದಾಗ ಹೀಗೆ ಸುಳ್ಳು ಹೇಳಿದ, ಎಂಜಿನ್ನಿಗೆ ಕಲ್ಲಿದ್ದಲು ಹಾಕೋ ಫೈರ್‌ಮನ್ನನ್ನ ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿದ್ದೀನಿ. ಇವನನ್ನ ಇಳಿಸೋ ಹಾಗಿಲ್ಲ, ಮನೆಯೇ ಅವನದು. ಅವನಿಗೆ ಏನು ಶಿಕ್ಷೆ ಬೇಕೋ ಕೊಡಿ. ಕೋಳಿಗಳು ನಿಮಗೆ ಏನೂ ಸುಳ್ಳು ಹೇಳಿಲ್ಲ. ಬೆಳಿಗ್ಗೆ ಏಳೋಕೆ ನನಗೆ ಇರೋ ಕೆಲಸ ಅದೊಂದೇ."

ಟೀಚರಮ್ಮ ಅಳಿಯನ ಕಡೆ ತಿರುಗಿ, "ಒಳಗೆ ಬನ್ನಿ. ಕೂತ್ಕೊಳ್ಳಿ. ಪೆನ್ನು ತಗೊಳ್ಳಿ" ಎಂದರು.

ತಿದ್ದುಪಡಿ ಅರ್ಜಿಯನ್ನು ಅವರೇ ಬರೆಸಿದರು. ಮೊದಲ ಪ್ರತಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕೊಟ್ಟರು. 'ಹೇಂಟೆ' ಎಂಬುದಕ್ಕೆ ದೀರ್ಘ ಇರಲಿಲ್ಲ. ಎರಡನೆಯದರಲ್ಲಿ ಅಕ್ಷರ ಗೆರೆಯಿಂದ ಇಳಿದಿತ್ತು. ಗಡಿಯಾರದವರ ಹಣೆಯಲ್ಲಿ ಬೆವರು. "ಟೀಚರ್, ಮೂರೂವರೆ ಆಯ್ತು" ಎಂದರೆ, "ನೀವು ಮಾತಾಡಿದ್ರೆ ಇನ್ನೂ ತಡ ಆಗುತ್ತೆ" ಎಂದರು. ಮೂರನೆಯ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿ, ಮೂಲೆಯಲ್ಲಿ ಅಭ್ಯಾಸಬಲದಿಂದ ಹತ್ತಕ್ಕೆ ಆರು ಅಂಕ ಹಾಕಿ, ಕೆಳಗೆ ಸಹಿ ಮಾಡಿದರು.

ಗಡಿಯಾರದವರು ಓಡಿದರು. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ವಲಯಾಧಿಕಾರಿಯ ಮೇಜಿಗೆ ಕಾಗದ ತಲುಪಿತು. ಅವರು ಓದಿ, "ಈ ಆರು ಅಂಕ ಏನು?" ಎಂದರು.

"ಶಿಕ್ಷೆ ಮೇಡಂ."

ಅವರು ಮುಂದೇನೂ ಕೇಳದೆ ಮೊಹರು ಒತ್ತಿದರು.

ಇದಾಗಿ ಒಂದು ವರ್ಷವಾಯಿತು. ಭಾಮೈದನ ನಲವತ್ತು ಮೂಟೆ ಏನಾಯಿತು ಎಂದು ನೀವು ಕೇಳಬಹುದು. ವಾಪಸು ಒಯ್ಯಲು ಲಾರಿ ಬರಲಿಲ್ಲ. ಆದರೆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಆ ಹನ್ನೆರಡು ಪುಟದ ನಿಯಮಾವಳಿ ಇತ್ತು. ಗೀಟು ಎಳೆದು ಓದಿದ್ದರು ಕೂಡ. ಆರರವರೆಗೆ ಅನುಮತಿ ಬೇಡ ಎಂಬುದು ವಿಚಾರಣೆಯಲ್ಲಿ ಎಲ್ಲರಿಗೂ ಮನದಟ್ಟಾಗಿತ್ತು. ಮೊದಲು ಎದುರು ಮನೆಯಲ್ಲಿ ಎರಡು ಬಂದವು. ಆಮೇಲೆ ಔಷಧಿ ಅಂಗಡಿಯವರು ನಾಲ್ಕು ತಂದರು, ಮುಖಗವಸು ಹಾಕಿಕೊಂಡು. ಟೀಚರಮ್ಮ ಒಂದನ್ನು ತಂದು, ಅದಕ್ಕೆ ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಗೂಡಿನಿಂದ ಇಳಿಯಲು ಕಲಿಸಿದರು. ಬೀದಿಯ ಜನಕ್ಕೆ ಆಹಾರ ಬೇಕಾದರೆ ಗಡಿಯಾರದವರ ಮನೆಗೆ ಬಟ್ಟಲು ಹಿಡಿದು ಬರುತ್ತಿದ್ದರು. ಸಲಹೆ ಬೇಕಾದರೆ ಬಕೆಟ್ಟಿನ ಮೇಲೆ ಕುಳಿತ ಮಾವನವರ ಬಳಿ ಸಾಲು ನಿಲ್ಲುತ್ತಿದ್ದರು. ಮಗಳು ಎಷ್ಟೋ ದಿನ, "ಅಪ್ಪಾ, ಮಾತು ಸಾಕು, ಊಟಕ್ಕೆ ಬನ್ನಿ" ಎಂದು ಗದರಬೇಕಾಗುತ್ತಿತ್ತು.

ಮೊನ್ನೆ ವಾರ್ಷಿಕ ತಪಾಸಣೆಗೆ ಅದೇ ಇನ್ಸ್‌ಪೆಕ್ಟರರು ಬಂದರು. ಗಡಿಯಾರದವರು ಸಂಭ್ರಮದಿಂದ ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಹನ್ನೊಂದು ಕೋಳಿಗಳಿದ್ದವು.

"ಆದೇಶದಲ್ಲಿ ಮೂರು ಅಂತಿದೆ" ಎಂದರು ಇನ್ಸ್‌ಪೆಕ್ಟರರು.

ಮಾವ ಎದ್ದು ಬಂದು ಒಂದೊಂದನ್ನೇ ಬೆರಳು ಮಾಡಿ ತೋರಿಸಿದರು. "ಈ ಕಪ್ಪು ಚುಕ್ಕೆಯದು ಎದುರು ಮನೇದು, ಮಧ್ಯಾಹ್ನ ಊಟಕ್ಕೆ ಇಲ್ಲಿಗೆ ಬರುತ್ತೆ. ಆ ನಾಲ್ಕೂ ಔಷಧಿ ಅಂಗಡಿಯವರವು, ಗೋಡೆ ಹಾರಿ ಬಂದಿವೆ. ಅಲ್ಲಿ ಒಂಟಿ ನಿಂತಿದೆಯಲ್ಲ, ಅದು ಟೀಚರಮ್ಮನದು, ಬೇರೆಯವುಗಳ ಜೊತೆ ಸೇರಲ್ಲ. ಇವೆರಡು ಹಾಲಿನವನ ಮನೇವು. ಉಳಿದ ಮೂರು ನಮ್ಮವು." ಇಷ್ಟು ಹೇಳಿ, ಎಲ್ಲಕ್ಕೂ ಸೇರಿಸಿ ಒಂದು ಹಿಡಿ ಕಾಳು ಎರಚಿದರು.

ಇನ್ಸ್‌ಪೆಕ್ಟರರು ಫೈಲಿನಲ್ಲಿ ಏನೂ ಬರೆಯಲಿಲ್ಲ. ಸುತ್ತ ನೋಡಿ, ಫೈಲನ್ನು ಕಂಕುಳಿಗೆ ಸೇರಿಸಿ, ಮಾವನ ಪಕ್ಕ ಮೆಟ್ಟಿಲ ಮೇಲೆ ಕುಳಿತು ದನಿ ತಗ್ಗಿಸಿದರು. "ಯಜಮಾನ್ರೇ, ನಮ್ಮನೇಲಿ ಐದಿವೆ. ಅದರಲ್ಲಿ ಒಂದು ಹತ್ತು ದಿನದಿಂದ ಮೊಟ್ಟೆ ಇಡ್ತಿಲ್ಲ. ಏನಿರಬಹುದು?"

ಗರಿ ಉದುರುತ್ತಿದೆಯೇ, ನೆರಳಿದೆಯೇ ಎಂದು ಮಾವ ವಿಚಾರಿಸತೊಡಗಿದರು. ಅರ್ಧ ಗಂಟೆ ಮಾತು ನಡೆಯಿತು. ಗಡಿಯಾರದವರು ಪಕ್ಕದಲ್ಲಿ ನಿಂತು ಕಾದು, ಕಡೆಗೆ ಕೇಳಿದರು:

"ಸಾರ್, ಈ ಬೀದೀಲಿ ಇಷ್ಟು ಮನೇಲಿ ಕೋಳಿ ಇವೆ. ತಪಾಸಣೆ ಯಾಕೆ ನಮ್ಮನೆಗೆ ಮಾತ್ರ?"

"ಅರ್ಜಿ ಹಾಕಿರೋರು ನೀವೊಬ್ಬರೇ ಅಲ್ವಾ? ಫೈಲ್ ಇದ್ರೆ ತಪಾಸಣೆ ಇರುತ್ತೆ. ಪ್ರತಿ ವರ್ಷ ಬರ್ತೀನಿ."

"ಅರ್ಜಿ ವಾಪಸ್ ತಗೊಂಡ್ರೆ?"

"ತಗೋಬಹುದು. ಅದಕ್ಕೊಂದು ಅರ್ಜಿ ಕೊಡಬೇಕು, ನಾಲ್ಕು ಪುಟ. ಫಾರಂ ಇಲ್ಲೇ ಇದೆ."

ಇನ್ಸ್‌ಪೆಕ್ಟರರು ಫೈಲಿನಿಂದ ಫಾರಂ ತೆಗೆದು ಚಾಚಿದರು. ಗಡಿಯಾರದವರ ಕಣ್ಣು ಮಿನುಗಿತು. ಒಂದು ಕೈ ಭೂತಗನ್ನಡಿಗೆ ಹೋಯಿತು, ಇನ್ನೊಂದು ಪೆನ್ನಿಗೆ. ಅಷ್ಟರಲ್ಲಿ ಕಾಫಿ ತಂದಿದ್ದ ಹೆಂಡತಿ ತಟ್ಟೆಯನ್ನು ಕೆಳಗಿಟ್ಟು, ಗಂಡನ ಜೇಬಿನಿಂದ ಪೆನ್ನು ಕಿತ್ತುಕೊಂಡು ಒಳಗೆ ಹೋದಳು.